ಜರಡಿಯಣ್ಣನ ಕಪ್ಪುಪಟ್ಟಿ

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿಯ ಕಚೇರಿಗೆ ಹೊಸದಾಗಿ ಸೇರಿದವರಿಗೆ ಜರಡಿಯಣ್ಣನ ಕೆಲಸ ಕಂಡರೆ ನಗು ಬರುತ್ತದೆ. ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು ಕೂತನೆಂದರೆ, ಗಿರಣಿಗೆ ಬಂದ ಇಮೇಲ್‌ಗಳಲ್ಲಿ ಒಂದನ್ನೂ ಬಿಡದೆ ತಾನೇ ನೋಡುತ್ತಾನೆ. ಬೋಳುತಲೆಯಲ್ಲಿ ಕೂದಲು ಬೆಳೆಸುವವರು, ನಿಮಗೆ ಲಾಟರಿ ಹೊಡೆದಿದೆ ಎನ್ನುವವರು, ಒಂದೇ ವಾರದಲ್ಲಿ ಹೊಟ್ಟೆ ಕರಗಿಸುತ್ತೇವೆ ಎನ್ನುವವರು, ಇಂಥವರ ಮಾತನ್ನೆಲ್ಲ ಕೊನೆಯ ಸಾಲಿನ ತನಕ ಓದಿ, ಆಮೇಲೆ ಅಳಿಸುತ್ತಾನೆ. "ಏನಣ್ಣ, ಲಾಟರಿ ದುಡ್ಡು ಕೈಗೆ ಬಂತಾ?" ಎಂದು ಹೊಸಬರು ಕೆಣಕುತ್ತಾರೆ. ಹಳಬರು ಮಾತ್ರ ಆ ಹೊತ್ತಿಗೆ ತಮ್ಮ ತಮ್ಮ ಕೆಲಸದಲ್ಲಿ ತಲೆ ಹುದುಗಿಸುತ್ತಾರೆ. ಅವರಿಗೆ ಗೊತ್ತು.

ಜರಡಿ ಎಂಬುದು ಗಿರಣಿಯವರು ಇಟ್ಟ ಅಡ್ಡಹೆಸರು. ಆದರೆ ಆ ಗುಣ ಅವನಿಗೆ ಚಿಕ್ಕಂದಿನಿಂದಲೇ ಬಂದದ್ದು. ತಾಯಿ ತೀರಿಕೊಂಡಾಗ ಅವನಿನ್ನೂ ಸರಿಯಾಗಿ ಬಟ್ಟೆ ಹಾಕಿಕೊಳ್ಳಲು ಬಾರದ ಕೂಸು. ಸಾಕಿದವಳು ಅಕ್ಕ. ಅವಳೂ ಆಗ ಸಣ್ಣವಳೇ. ತಮ್ಮ ಕಾಲಿಗೆ ತೊಡರದೆ ಒಂದು ಕಡೆ ಕೂತಿರಲಿ ಎಂದು ತಟ್ಟೆಯಲ್ಲಿ ಕಾಳು ಹರವಿ ಅವನ ಮುಂದಿಡುತ್ತಿದ್ದಳು. "ಕಲ್ಲು ಅಂತ ಕಾಳು ಎಸೀಬೇಡ, ಕಾಳು ಅಂತ ಕಲ್ಲು ಉಳಿಸ್ಬೇಡ. ಕಣ್ಣಿಟ್ಟು ನೋಡು," ಎನ್ನುತ್ತಿದ್ದಳು. ಅವನು ಮೂಗು ತಟ್ಟೆಗೆ ತಾಗುವಷ್ಟು ಬಾಗಿ ಆರಿಸುತ್ತಿದ್ದ. ಆ ಮನೆಯಲ್ಲಿ ಊಟದ ನಡುವೆ ಯಾರ ಹಲ್ಲಿಗೂ ಕಲ್ಲು ಸಿಕ್ಕಿದ್ದಿಲ್ಲ.

ಅಕ್ಕನನ್ನು ನೋಡಲು ಬಂದ ಗಂಡಿಗೆ ಅವಳು ಮೊದಲೇ ಹೇಳಿಬಿಟ್ಟಿದ್ದಳು, "ನಾನು ಬಂದ್ರೆ ನನ್ನ ತಮ್ಮನೂ ಬರ್ತಾನೆ." ಇದೇ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಆ ಮನುಷ್ಯ ಜಾಸ್ತಿ ಯೋಚಿಸಲಿಲ್ಲ. "ಬರ್ಲಿ ಬಿಡು. ಇಡೀ ದಿನ ಬಾಯ್ಲರ್ ಜೊತೆ ಮಾತಾಡಿ ಸಾಕಾಗಿದೆ. ಮನೇಲಿ ಮನುಷ್ಯರೊಬ್ರು ಜಾಸ್ತಿ ಇದ್ರೆ ನನಗೇ ಒಳ್ಳೇದು," ಎಂದ. ಅಂದಿನಿಂದ ಜರಡಿಯಣ್ಣನಿಗೆ ತಂದೆಯೂ ಭಾವನೇ, ಗೆಳೆಯನೂ ಭಾವನೇ. ಓದು ಮುಗಿಸಿದ ಮೇಲೆ ಮಾಲೀಕರಾದ ಸಾಹೇಬರ ಹತ್ತಿರ ಕರೆದುಕೊಂಡು ಹೋಗಿ ಗಿರಣಿಯಲ್ಲಿ ಫೋನು ಎತ್ತುವ ಕೆಲಸ ಕೊಡಿಸಿದವನೂ ಅವನೇ. ಇವನು ಕಚೇರಿಯಿಂದ "ಭಾವಾ" ಎಂದು ಕೂಗಿ ಕೂಗಿ, ಕೊನೆಗೆ ಇಡೀ ಗಿರಣಿಯೇ ಆತನನ್ನು ಬಾಯ್ಲರ್ ಭಾವ ಎಂದು ಕರೆಯತೊಡಗಿತು. ಸಾಹೇಬರು ಕೂಡ. "ಸಾಹೇಬ್ರು ಹಾಗಂತಾರೆ ಅಂದ್ಮೇಲೆ ಅವ್ರ ಅಕ್ಕನ್ನೂ ನಾನೇ ಮದ್ವೆಯಾಗಿದೀನಿ ಅಂತಾಯ್ತು. ಸಂಬಳ ಮಾತ್ರ ಒಂದೇ ಹೆಂಡ್ತಿಗೆ ಸಾಲೋಷ್ಟು," ಎಂದು ಭಾವ ನಗಿಸುತ್ತಿದ್ದ.

ಗಿರಣಿಗೆ ಕಂಪ್ಯೂಟರ್ ಬಂದಾಗ, ಫೋನು ನೋಡಿಕೊಳ್ಳುವವನೇ ಇದನ್ನೂ ನೋಡಿಕೊಳ್ಳಲಿ ಎಂದರು ಮ್ಯಾನೇಜರು. ಜರಡಿಯಣ್ಣ ಸಂಜೆ ತರಗತಿಗೆ ಹೋಗಿ ಕಲಿತ. ಇಮೇಲ್ ಬರುವ ಹೋಗುವ ವ್ಯವಸ್ಥೆ ಪೂರ್ತಿ ಅವನ ಕೈಗೆ ಬಂತು. ಇಮೇಲ್ ಜೊತೆಗೆ ಕಸವೂ ಬಂತು. ನೂಲಿನವರ ಒಂದು ಕಾಗದಕ್ಕೆ ಹತ್ತು ಕಸ. ಅವನು ತಟ್ಟೆಯ ಕಾಳಿನಂತೆ ಅವನ್ನು ಒಂದೊಂದೇ ನೋಡಿ ಆರಿಸಿ, ಒಳ್ಳೆಯದನ್ನು ಅವರವರಿಗೆ ಕಳಿಸುತ್ತಿದ್ದ. ಹೆಸರು ಬಂದದ್ದು ಆಗ.

ಎಡವಟ್ಟಾದದ್ದು ಒಂದು ದಿನ ದೊಡ್ಡ ಗಿರಾಕಿಯೊಬ್ಬರು ಬಂದು ಕೂತಿದ್ದಾಗ. ಸಾಹೇಬರು ಅವರಿಗೆ ಬಣ್ಣದ ಮಾದರಿ ತೋರಿಸಲೆಂದು ಇಮೇಲ್ ತೆರೆದರು. ಜರಡಿಯಣ್ಣ ಬೇರೆ ಕೆಲಸದಲ್ಲಿದ್ದು ಇನ್ನೂ ಆರಿಸಿರದ ಒಂದು ಕಸ ಪರದೆಯ ತುಂಬ ತೆರೆದುಕೊಂಡಿತು. ಅದರಲ್ಲಿದ್ದ ಹೆಂಗಸಿನ ಮೈಮೇಲೆ ಬಣ್ಣ ಹಾಕಲಿಕ್ಕೆ ಒಂದು ಚೂರು ಬಟ್ಟೆಯೂ ಇರಲಿಲ್ಲ. ಗಿರಾಕಿ ಕೆಮ್ಮಿದರು. ಸಾಹೇಬರು ಆವತ್ತು ಇಡೀ ಕಚೇರಿಯನ್ನು ನಿಲ್ಲಿಸಿ ಬೈದರು. "ಇನ್ನೊಂದು ಸಲ ಇಂಥದ್ದು ನನ್ನ ಕಣ್ಣಿಗೆ ಬಿದ್ರೆ ಜರಡೀನೂ ಹೊರಗೆ, ಕಸಾನೂ ಹೊರಗೆ," ಎಂದರು.

ಆಗ ಜರಡಿಯಣ್ಣನಿಗೆ ಸಿಕ್ಕಿದ್ದು ಕಪ್ಪುಪಟ್ಟಿ. ಎಲ್ಲೋ ಯಾರೋ ಕೂತು, ಯಾವ ಯಾವ ಸರ್ವರ್‌ನಿಂದ ಕಸ ಹೊರಡುತ್ತದೆ ಎಂದು ಪಟ್ಟಿ ಮಾಡಿ ಇಟ್ಟಿರುತ್ತಾರೆ. ನಮ್ಮ ಯಂತ್ರ ಬಾಗಿಲಿಗೆ ಬಂದ ಪ್ರತಿ ಇಮೇಲ್‌ನ ವಿಳಾಸ ನೋಡಿ, ಇವನು ಒಳ್ಳೆಯವನೋ ಕೆಟ್ಟವನೋ ಎಂದು ಅವರನ್ನು ಕೇಳುತ್ತದೆ. ಕೆಟ್ಟವನು ಎಂದರೆ ಮುಗಿಯಿತು, ಒಳಗೇನಿದೆ ಎಂದು ಬಿಚ್ಚಿ ಕೂಡ ನೋಡುವುದಿಲ್ಲ. ಜರಡಿಯಣ್ಣ ಒಂದಲ್ಲ, ಅಂಥ ಮೂರು ಪಟ್ಟಿಗಳನ್ನು ಜೋಡಿಸಿದ. ಮೂವರಲ್ಲಿ ಯಾರೊಬ್ಬರು ಬೇಡವೆಂದರೂ ಬೇಡ. ಮಾರನೆಯ ದಿನವೇ ಕಸ ಮಾಯ. ಸಾಹೇಬರು ಬೆನ್ನು ತಟ್ಟಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ನೆಗಡಿಯೇನೋ ನಿಲ್ಲುತ್ತದೆ.

ಮೊದಮೊದಲು ಬಾಗಿಲಲ್ಲಿ ತಡೆದ ಇಮೇಲ್‌ಗಳಿಗೆ, ನಿಮ್ಮ ಕಾಗದ ತೆಗೆದುಕೊಳ್ಳಲಿಲ್ಲ ಎಂಬ ವಾಪಸು ಸುದ್ದಿ ಹೋಗುತ್ತಿತ್ತು. ಅದನ್ನು ನೋಡಿದ ಒಂದಿಬ್ಬರು ವ್ಯಾಪಾರಿಗಳು ಮ್ಯಾನೇಜರಿಗೆ ಫೋನು ಮಾಡಿ ಕೂಗಾಡಿದರು. "ಅದೇನದು ರಗಳೆ? ತಡೆಯೋದಾದ್ರೆ ಸುಮ್ನೆ ತಡಿ. ಊರಿಗೆಲ್ಲ ಡಂಗುರ ಯಾಕೆ?" ಎಂದರು ಮ್ಯಾನೇಜರು. ಜರಡಿಯಣ್ಣ ವಾಪಸು ಸುದ್ದಿಯನ್ನೂ ನಿಲ್ಲಿಸಿದ. ಅಲ್ಲಿಂದ ಮುಂದೆ ತಡೆದ ಇಮೇಲ್ ಸದ್ದಿಲ್ಲದೆ ಹೋಗುತ್ತಿತ್ತು. ಕಳಿಸಿದವನು ಮುಟ್ಟಿತು ಎಂದುಕೊಳ್ಳುತ್ತಿದ್ದ, ಮುಟ್ಟಬೇಕಾದವನು ಬರಲೇ ಇಲ್ಲ ಎಂದುಕೊಳ್ಳುತ್ತಿದ್ದ. ಇಬ್ಬರ ನಡುವೆ ಕೂತಿದ್ದ ಜರಡಿಯಣ್ಣ ಬೆಳಗಿನ ಹೊತ್ತು ಬಿಡುವಾಯಿತೆಂದು ಕಾಫಿ ಕುಡಿಯಲು ಬಾಯ್ಲರ್ ಮನೆಗೆ ಹೋಗತೊಡಗಿದ.

ಎಚ್ಚರಿಕೆ ಬಾರದೆ ಇರಲಿಲ್ಲ. ನೂಲಿನ ಉರುಳೆ ಮಾಡಿ ಕೊಡುತ್ತಿದ್ದ ಮುದುಕರೊಬ್ಬರು ಒಂದು ದಿನ ಬೆವರು ಒರೆಸಿಕೊಳ್ಳುತ್ತ ಕಚೇರಿಗೇ ಬಂದರು. ಅವರು ಕಳಿಸಿದ ದರದ ಕಾಗದ ಯಾವುದೂ ಬಂದಿರಲಿಲ್ಲ, ಆ ವರ್ಷದ ಕೆಲಸ ಬೇರೆಯವರ ಪಾಲಾಗಿತ್ತು. ಜರಡಿಯಣ್ಣ ಯಂತ್ರ ಕೆದಕಿ ನೋಡಿ ಹೇಳಿದ, "ನೀವು ಕಪ್ಪುಪಟ್ಟೀಲಿದೀರಿ, ಯಜಮಾನ್ರೇ."

"ನಾನೇನಪ್ಪ ಮಾಡ್ದೆ? ಯಾರ ಮನೆ ಮುರ್ದೆ?"

"ನೀವಲ್ಲ. ನಿಮ್ಮ ಇಮೇಲ್ ಯಾವ ಸರ್ವರ್‌ನಲ್ಲಿದೆಯೋ ಅದ್ರಲ್ಲೇ ಬಾಡಿಗೆಗಿರೋ ಇನ್ನೊಬ್ಬ ಯಾರೋ ಕಸ ಕಳಿಸ್ತಿದಾನೆ. ಹಾಗಾಗಿ ಇಡೀ ವಠಾರಾನೇ ಪಟ್ಟಿಗೆ ಹಾಕಿದಾರೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗಾಯ್ತಲ್ಲ. ಪಟ್ಟಿ ಮಾಡಿದೋರು ಎಲ್ಲಿದಾರೆ? ನಾನೇ ಹೋಗಿ ಕೈಮುಗಿದು ಕೇಳ್ತೀನಿ."

"ಎಲ್ಲಿದಾರೋ ನನಗೂ ಗೊತ್ತಿಲ್ಲ."

"ಮತ್ತೆ ಗೊತ್ತಿಲ್ಲದೋರ ಮಾತು ಕೇಳಿ ಗೊತ್ತಿರೋರಿಗೆ ಬಾಗಿಲು ಹಾಕ್ತೀಯಾ? ನಾನು ಸಾಚಾನೋ ಅಲ್ವೋ ಅಂತ ನೀನೇ ನೋಡ್ಬಾರ್ದಾ?"

"ನನ್ನದು ನೋಡೋ ಕೆಲಸ ಅಲ್ಲ, ಯಜಮಾನ್ರೇ. ಬಿಡಬೇಡ ಅಂದ್ರೆ ಬಿಡಲ್ಲ, ಅಷ್ಟೇ," ಎಂದ ಜರಡಿಯಣ್ಣ. ಹಾಗೆಂದರೂ ಮುದುಕರ ಮುಖ ನೋಡಿ ಪಾಪವೆನಿಸಿ, ಅವರ ವಿಳಾಸವನ್ನು ಮಾತ್ರ ತಡೆಯದಂತೆ ಮಾಡಿ ಕಳಿಸಿದ. ಈ ಮುದುಕರಂತೆ ಇನ್ನೆಷ್ಟು ಜನ ಬಾಗಿಲ ಹೊರಗಿದ್ದಾರೋ ನೋಡೋಣ ಎಂದು ಅವನಿಗೆ ಆ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇವನು ಪ್ರತ್ಯಕ್ಷವನ್ನೂ ಕಾಣದೆ, ಪ್ರಮಾಣವನ್ನೂ ಕೇಳದೆ, ಕಂಡ ಕಂಡವರ ಮಾತನ್ನು ಮೂರು ದಾರಿಯಿಂದ ತರಿಸಿಕೊಂಡು ಆರಾಮವಾಗಿದ್ದ.

ಆ ದಿನಗಳಲ್ಲೇ ಬಾಯ್ಲರಿಗೆ ಹೊಸ ಸೇಫ್ಟಿ ವಾಲ್ವ್ ಕೂರಿಸಿದ್ದರು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಂಡು ಹಬೆ ಹೊರಗೆ ಬಿಡುವ ಸಾಧನ ಅದು. ದೂರದ ಸಣ್ಣ ಕಂಪನಿಯೊಂದು ಮಾಡಿದ್ದು. ಭಾವನಿಗೆ ಅದರ ಮೇಲೆ ಮೊದಲಿನಿಂದಲೂ ಅನುಮಾನ.

"ಲಿವರ್ ಎತ್ತಿದ್ರೆ ಉಗುಳ್ತದೆ. ಆದ್ರೆ ತಾನಾಗಿ ಏಳೋಕೆ ಸೋಮಾರಿತನ ಮಾಡ್ತದೆ ಕಣೋ. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದ್ಮೇಲೆ ಏಳ್ತದೆ. ಅದ್ರ ಸದ್ದೇ ಸರಿಯಿಲ್ಲ. ನನ್ನ ಕಿವಿ ಸುಳ್ಳು ಹೇಳಲ್ಲ," ಎಂದ ಕಾಫಿ ಕುಡಿಯುತ್ತ.

"ಮ್ಯಾನೇಜರಿಗೆ ಹೇಳಿದ್ರಾ, ಭಾವ?"

"ಹೇಳ್ದೆ. ಹೊಸಾದು, ಹೊಂದ್ಕೊಳ್ಳುತ್ತೆ ಬಿಡು ಅಂದ್ರು. ಅದೇನು ಮದುಮಗಳಾ ಹೊಂದ್ಕೊಳ್ಳೋಕೆ? ಕಂಪ್ನಿಯೋರು ಕೆಟ್ಟಿದೆ ಅಂತ ಬರೆದುಕೊಟ್ರೆ ಬಾಯ್ಲರ್ ನಿಲ್ಲಿಸ್ತಾರಂತೆ. ನೀನೇ ಅವ್ರಿಗೊಂದು ಮೇಲ್ ಹಾಕು."

ಜರಡಿಯಣ್ಣ ಅಲ್ಲೇ ಕೇಳಿ ಬರೆದುಕೊಂಡು, ವಾಲ್ವಿನ ಮೇಲಿದ್ದ ನಂಬರನ್ನೂ ಸೇರಿಸಿ ಕಳಿಸಿದ. ಫೋನು ಮಾಡಿಯೂ ನೋಡಿದ. ಎತ್ತಿದ ಹೆಂಗಸು, ಇಂಜಿನಿಯರು ಹೊರಗಿದ್ದಾರೆ, ಇಮೇಲ್‌ನಲ್ಲೇ ಉತ್ತರ ಬರೆಯುತ್ತಾರೆ ಎಂದಳು. "ಉತ್ತರ ಬಂದ ಗಳಿಗೇಲಿ ಓಡಿ ಬಂದು ಹೇಳ್ತೀನಿ, ಭಾವ," ಎಂದು ಮಾತು ಕೊಟ್ಟ.

ಉತ್ತರ ಬಂತು. ಬಂದದ್ದು ಬಾಗಿಲ ತನಕ. ಆ ಕಂಪನಿಯ ಸರ್ವರ್‌ನಲ್ಲೇ ಬಾಡಿಗೆಗಿದ್ದ ಇನ್ಯಾರೋ ಕೂದಲೆಣ್ಣೆ ಮಾರುವವನು ಊರೆಲ್ಲ ಕಸ ಎರಚಿದ್ದ. ಮೂರು ಪಟ್ಟಿಗಳಲ್ಲಿ ಒಂದು, ಕೆಟ್ಟವನು ಎಂದಿತು. ಯಂತ್ರ ಉತ್ತರವನ್ನು ಸದ್ದಿಲ್ಲದೆ ಆಚೆ ಎಸೆಯಿತು. ನಾವಾಗಿ ಪ್ರಶ್ನೆ ಕೇಳಿದವರ ಉತ್ತರವನ್ನಾದರೂ ಒಳಗೆ ಬಿಡು ಎಂದು ಯಂತ್ರಕ್ಕೆ ಹೇಳಿಡಬಹುದಿತ್ತು. ಹೇಳಿರಲಿಲ್ಲ. ಅದೇ ಯಂತ್ರದ ಮುಂದೆ ಕೂತು ಅದೇ ಉತ್ತರಕ್ಕೆ ಕಾಯುತ್ತಿದ್ದವನಿಗೆ ಇದರ ಗಾಳಿಯೂ ಸೋಕಲಿಲ್ಲ.

"ಉತ್ತರ ಬಂತೇನೋ?" ಊಟದ ಹೊತ್ತಿಗೆ ಭಾವನ ಮೊದಲ ಮಾತು ಅದೇ.

"ಇಲ್ಲ, ಭಾವ."

ಮರುದಿನವೂ ಅದೇ, ಮುಂದಿನ ವಾರವೂ ಅದೇ. ಮನೆಯಲ್ಲಿ ಅಕ್ಕ ಬಡಿಸುತ್ತ, "ಇವ್ರಿಬ್ರ ಬಾಯಲ್ಲೂ ಅದೊಂದೇ ಮಾತು. ಆ ಕಂಪ್ನಿಯೋರಿಗೆ ಮೈಯಲ್ಲಿ ಹುಷಾರಿಲ್ವೇನೋ," ಎಂದು ರೇಗಿಸುತ್ತಿದ್ದಳು. ಇನ್ನೊಂದು ಸಲ ಫೋನು ಮಾಡುವಂತೆ ಭಾವ ಹೇಳಿದ. ಜರಡಿಯಣ್ಣ ಕೈ ತೊಳೆಯುತ್ತ ನಗೆಯಾಡಿದ, "ವಾಲ್ವ್ ಕೆಟ್ಟಿದ್ರೆ ಅವ್ರು ಬರೀದೆ ಇರ್ತಿದ್ರಾ? ಅವ್ರ ಹೆಸರು ಹಾಳಾಗಲ್ವಾ? ಮೌನಂ ಸಮ್ಮತಿ ಲಕ್ಷಣಂ ಅಂತಾರೆ, ಭಾವ. ಏನೂ ಬರೆದಿಲ್ಲ ಅಂದ್ರೆ ಏನೂ ಇಲ್ಲ ಅಂತ."

ತಮ್ಮನಂಥವನು, ಓದಿದವನು, ಇಮೇಲ್ ವಿಷಯ ತಿಳಿದವನು ಎಂದುಕೊಂಡ ಭಾವ. "ನೀನು ಹೇಳ್ತೀಯ ಅಂದ್ರೆ ಸರಿ ಬಿಡು," ಎಂದ. ಅಲ್ಲಿಂದ ಮುಂದೆ ಕೇಳುವುದನ್ನು ಬಿಟ್ಟ.

ಅದಾಗಿ ಹೆಚ್ಚು ದಿನ ಹೋಗಲಿಲ್ಲ. ಒಂದು ಮಧ್ಯಾಹ್ನ ಬಣ್ಣದ ಮನೆಯಲ್ಲಿ ಕರೆಂಟ್ ಹೋಗಿ ತೊಟ್ಟಿಗಳೆಲ್ಲ ಒಟ್ಟಿಗೇ ನಿಂತವು. ಹಬೆ ಎಳೆದುಕೊಳ್ಳುವವರಿಲ್ಲದೆ ಬಾಯ್ಲರಿನ ಒತ್ತಡ ಏರಿತು. ಬೆಂಕಿ ತಾನಾಗಿ ಆರಿಸಬೇಕಿದ್ದ ಸ್ವಿಚ್ಚು ಹಳೆಯದು, ಅವತ್ತು ಅದೂ ಕೈಕೊಟ್ಟಿತು. ಉಳಿದದ್ದು ವಾಲ್ವ್ ಒಂದೇ. ಅದು ಏಳಲಿಲ್ಲ. ಮುಳ್ಳು ಕೆಂಪು ಗೆರೆ ದಾಟಿದ್ದು ನೋಡಿ ಭಾವ ಜೊತೆಯಲ್ಲಿದ್ದ ಕೆಲಸಗಾರನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ದಬ್ಬಿದನಂತೆ. "ಓಡು, ಹಿಂದೆ ನೋಡ್ಬೇಡ," ಎಂದನಂತೆ. ಆಮೇಲೆ ತಾನು ಏಣಿ ಹತ್ತಿ ಕೈಯಿಂದಲೇ ಲಿವರ್ ಎತ್ತಿದ. ವಾಲ್ವ್ ತೆರೆದುಕೊಂಡಿತು, ಬಾಯ್ಲರ್ ಒಡೆಯಲಿಲ್ಲ, ಗಿರಣಿ ಉಳಿಯಿತು. ಆದರೆ ಅಷ್ಟರಲ್ಲಿ ಪಕ್ಕದ ಪೈಪಿನ ಜೋಡಣೆ ಕಿತ್ತುಕೊಂಡು ಅದರ ಹಬೆಯೆಲ್ಲ ಅವನ ಮೇಲೆ ಬಂದಿತ್ತು.

ಭಾವನನ್ನು ಹೊತ್ತು ತಂದಾಗ ಜರಡಿಯಣ್ಣ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಆ ಮುಖ ಗುರುತು ಸಿಗಲಿಲ್ಲ. ಶರ್ಟಿನ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯಿಂದ ಗೊತ್ತಾಯಿತು.

ವಾಲ್ವ್ ಕಂಪನಿಯ ಹೆಂಗಸು ಫೋನು ಮಾಡಿದ್ದು ಎರಡು ದಿನ ಬಿಟ್ಟು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು. "ನಾವು ಮೂರು ಸಲ ಬರೆದ್ವಲ್ಲ, ಸರ್? ಆ ಸಲ ಮಾಡಿದ ವಾಲ್ವ್‌ಗಳ ಸ್ಪ್ರಿಂಗು ಸರಿಯಿಲ್ಲ, ಬಾಯ್ಲರ್ ನಿಲ್ಲಿಸಿ, ಬೇರೆ ವಾಲ್ವ್ ಪುಕ್ಕಟೆ ಕಳಿಸ್ತೀವಿ ಅಂತ ಬರೆದ್ವಲ್ಲ? ನೀವು ಯಾಕೆ ಸುಮ್ನಿದ್ರಿ?" ಎಂದಳು. ನೀವು ಏನೂ ಹೇಳದೆ ಇದ್ದುದರಿಂದ ನಿಲ್ಲಿಸಿದ್ದೀರಿ ಅಂದುಕೊಂಡೆವು ಎಂದೂ ಹೇಳಿದಳು. ಜರಡಿಯಣ್ಣ ಫೋನು ಇಟ್ಟು ಯಂತ್ರದಲ್ಲಿ ಹುಡುಕಿದ. ಮೂರೂ ಸಲದ ಗುರುತು ಅಲ್ಲಿತ್ತು. ವಿಳಾಸ, ಮುಂದೆ 'ಪಟ್ಟಿಯಲ್ಲಿದೆ', ಅದರ ಮುಂದೆ 'ಬಿಸಾಡಲಾಗಿದೆ'. ಹಿತ್ತಲ ಕೊಳಾಯಿಯ ಹತ್ತಿರ ಹೋಗಿ ಮುಖ ತೊಳೆದು, ಆಸ್ಪತ್ರೆಗೆ ನಡೆದ.

ಸುಟ್ಟವರ ವಾರ್ಡಿನಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಭಾವನ ತಲೆ, ಎದೆ, ಕೈಗಳಿಗೆಲ್ಲ ಬಟ್ಟೆ ಸುತ್ತಿತ್ತು. ಒಂದು ಕಣ್ಣು ಮತ್ತು ತುಟಿ ಮಾತ್ರ ಕಾಣುತ್ತಿತ್ತು. ಹೆಜ್ಜೆಯ ಸದ್ದಿನಿಂದಲೇ ಇವನ ಗುರುತು ಹಿಡಿದು ಆತ ಕೇಳಿದ, "ಉತ್ತರ ಬಂತೇನೋ?"

ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಫೋನು ಬಂದದ್ದು ಅವನ ಕಿವಿಗೆ ಮಾತ್ರ, ಯಂತ್ರದಲ್ಲಿದ್ದ ಗುರುತು ಓದಲು ಬರುತ್ತಿದ್ದುದೂ ಅವನೊಬ್ಬನಿಗೆ. ಆದರೆ ಬಂದರೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದ. ಆ ಮನುಷ್ಯನಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವೂ ಇರಲಿಲ್ಲ.

"ಬಂತು, ಭಾವ."

"ಏನಂದ್ರು?"

"ನೀವು ಹೇಳಿದ್ದೇ ಸರಿ ಅಂದ್ರು. ಸ್ಪ್ರಿಂಗ್ ಕೆಟ್ಟಿದೆಯಂತೆ. ಬಾಯ್ಲರ್ ನಿಲ್ಲಿಸಿ ಅಂದ್ರು."

ತುಟಿ ಒಂದಿಷ್ಟು ಅಗಲವಾಯಿತು. "ಕೇಳಿದ್ಯೇನೇ?" ಎಂದ ಹೆಂಡತಿಗೆ. "ನನ್ನ ಕಿವಿ ಸುಳ್ಳು ಹೇಳಲ್ಲ." ಕಣ್ಣು ಮುಚ್ಚಿದ. ನೋವು ತಿಳಿಯದಿರಲೆಂದು ಕೊಟ್ಟ ಔಷಧದ ಮಂಪರೋ ಏನೋ, ಆ ಹೊತ್ತು ಮತ್ತೆ ತೆರೆಯಲಿಲ್ಲ.

"ಯಾವಾಗ ಬಂತು?" ಎಂದು ಕೇಳಿದವಳು ಅಕ್ಕ.

ಅವನು ಹೇಳಿದ. ಮೊದಲೇ ಬಂದಿತ್ತು, ಮೂರು ಸಲ ಬಂದಿತ್ತು, ನಾನು ಇಟ್ಟ ಪಟ್ಟಿಯೇ ಬಾಗಿಲಲ್ಲಿ ತಡೆದು ಬಿಸಾಡಿತು ಎಂದ. ಯಾರದೋ ಪಟ್ಟಿ, ಯಾರದೋ ತಪ್ಪಿಗೆ ಅವರನ್ನು ಸೇರಿಸಿದ್ದರು ಎಂದ. ಹೇಳುತ್ತ ಹೇಳುತ್ತ ಅವನಿಗೇ ಆ ಮಾತು ಅಸಹ್ಯವಾಯಿತು. ಹಾಸಿಗೆಯಲ್ಲಿದ್ದವನು ಅದನ್ನು ಕೇಳಿಸಿಕೊಂಡನೋ ನಿದ್ದೆಯಲ್ಲಿದ್ದನೋ ತಿಳಿಯಲಿಲ್ಲ.

ಅಕ್ಕ ಅಳಲಿಲ್ಲ. "ಕಲ್ಲು ಅಂತ ಕಾಳು ಎಸೀಬೇಡ ಅಂತ ನಿನಗೆ ಎಷ್ಟು ಸಲ ಹೇಳಿದ್ದೆ," ಎಂದಳು. ಬಾಗಿಲ ಕಡೆ ಕೈ ತೋರಿಸಿ, "ಹೊರಗೆ ನಡಿ," ಎಂದಳು.

ಮಾರನೆಯ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ನಿಮ್ಮನ್ನ ಬಿಡೋ ಹಾಗಿಲ್ಲ. ಒಳಗಿರೋ ಅಮ್ಮ ಹೇಳಿದಾರೆ."

"ನಾನು ಅವರ ತಮ್ಮ, ಸ್ವಾಮಿ. ಒಂದು ಸಲ ಮುಖ ನೋಡಿ ಬಂದ್ಬಿಡ್ತೀನಿ."

"ತಮ್ಮನಾಗಲಿ, ಅಣ್ಣನಾಗಲಿ. ಯಾಕೆ, ಏನು ಅಂತ ಕೇಳೋದು ನನ್ನ ಕೆಲಸ ಅಲ್ಲ. ಬಿಡಬೇಡ ಅಂದ್ರೆ ಬಿಡಲ್ಲ, ಅಷ್ಟೇ."

ಜರಡಿಯಣ್ಣ ಬಾಗಿಲ ಎದುರಿನ ಬೆಂಚಿನ ಮೇಲೆ ಕೂತ. ಗಿರಣಿಯಿಂದ ಬಂದವರು ಒಳಗೆ ಹೋದರು, ಬಂದರು. ಭಾವ ದಬ್ಬಿ ಉಳಿಸಿದ ಕೆಲಸಗಾರ ಹೋಗಿ ಬಂದು ಕಣ್ಣೊರೆಸಿಕೊಂಡ. ಮ್ಯಾನೇಜರು ಕೂಡ ಹಣ್ಣಿನ ಚೀಲ ಹಿಡಿದು ಒಳಗೆ ಹೋದರು, ಅವರನ್ನು ಯಾರೂ ತಡೆಯಲಿಲ್ಲ. ಇವನು ಮನೆಗೆ ಹೋಗದೆ ಅಲ್ಲೇ ಇದ್ದ.

ಅದರ ಮರುದಿನ ಮಧ್ಯಾಹ್ನ ಅಕ್ಕ ಹೊರಗೆ ಬಂದಳು. ಅವಳ ನಡಿಗೆ ನೋಡಿಯೇ ಭಾವ ಇನ್ನಿಲ್ಲವೆಂದು ಅವನಿಗೆ ತಿಳಿಯಿತು. ಎದ್ದು ನಿಂತ. ಅವಳು ಬೆಂಚಿನ ಆ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ, ಗೋಡೆಯನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ಎಚ್ಚರ ಆಗಿತ್ತು," ಎಂದಳು. "ನಿನ್ನ ಕೇಳಿದ್ರು. ಅವ್ನ ಕರಿ, ಒಂದು ಮಾತು ಹೇಳ್ಬೇಕು ಅಂದ್ರು. ನನಗೆ ಹೇಳಿ ಅಂದೆ. ಅವ್ನಿಗೇ ಹೇಳ್ಬೇಕು ಅಂದ್ರು. ಮತ್ತೆ ಮತ್ತೆ ಕೇಳಿದ್ರು ಕಣೋ. ನೀನು ಇಲ್ಲೇ ಬಾಗಿಲ ಹೊರಗೆ ಕೂತಿದೀಯ ಅಂತ ನನಗೆ ಗೊತ್ತಿತ್ತು. ನಾನು ಕರೀಲಿಲ್ಲ."

"ಏನು ಹೇಳ್ಬೇಕಿತ್ತಂತೆ, ಅಕ್ಕ?"

"ಬೈಯೋಕಿತ್ತೋ, ಹೋಗ್ಲಿ ಬಿಡು ಅನ್ನೋಕಿತ್ತೋ, ನನಗೆ ಹೇಗೆ ಗೊತ್ತಾಗ್ಬೇಕು?" ಎಂದಳು. "ಇನ್ನು ಯಾರಿಗೂ ಗೊತ್ತಾಗಲ್ಲ."

ಜರಡಿಯಣ್ಣ ಅವಳ ಕೈ ಹಿಡಿದುಕೊಳ್ಳಲು ಹೋದ. ಅವಳು ಕೈ ಕೊಡಲಿಲ್ಲ, ಎದ್ದೂ ಹೋಗಲಿಲ್ಲ.